ಕ್ಯಾಶ್ ಕಡತ ಬರೆಯಲಾಗದಿದ್ದರೆ ಪೈಥಾನ್ ಪ್ರೋಗ್ರಾಂ ನಿಲ್ಲುತ್ತದೆಯೇ?

ಮಂಡ್ಯದ ನಿಮ್ಮ ಕಾಲೇಜು ಲ್ಯಾಬಿನಲ್ಲಿ ಓದಲು ಮಾತ್ರ ಅನುಮತಿಯಿರುವ ಫೋಲ್ಡರಿನಿಂದ ಮಾಡ್ಯೂಲ್ ಇಂಪೋರ್ಟ್ ಮಾಡಿದರೆ ಪ್ರೋಗ್ರಾಂ ನಿಲ್ಲುವುದೇ ಎಂದು ಕೇಳಿದ್ದೀರಿ. ನಿಲ್ಲುವುದಿಲ್ಲ. ಇಂಪೋರ್ಟ್ ಮಾಡಿದ ಕೋಡನ್ನು ಪೈಥಾನ್ ಬೈಟ್‌ಕೋಡ್ ಎಂಬ ರೂಪಕ್ಕೆ ಕಂಪೈಲ್ ಮಾಡಿ, ಮುಂದಿನ ಸಲಕ್ಕೆಂದು ಪೈಕ್ಯಾಶ್ (__pycache__) ಫೋಲ್ಡರಿನಲ್ಲಿ ಉಳಿಸಿಡುತ್ತದೆ; ಇದೇ ಕ್ಯಾಶ್. ಆ ಫೋಲ್ಡರನ್ನು ರಚಿಸುವಾಗಲಾಗಲಿ, ಅದರೊಳಗೆ ಬೈಟ್‌ಕೋಡ್ ಬರೆಯುವಾಗಲಾಗಲಿ, ಅನುಮತಿ ದೊರೆಯದೆ ಅಥವಾ ಡಿಸ್ಕ್ ತುಂಬಿ ದೋಷ ಉಂಟಾದರೆ, ಪೈಥಾನ್ ಅದನ್ನು ಬದಿಗಿಟ್ಟು, ಆಗಲೇ ಮೆಮೊರಿಯಲ್ಲಿ ಕಂಪೈಲ್ ಆಗಿರುವ ಕೋಡನ್ನೇ ನಡೆಸುತ್ತದೆ. ಪ್ರತಿ ಸಲವೂ ಹೊಸದಾಗಿ ಕಂಪೈಲ್ ಮಾಡಬೇಕಾಗುವುದರಿಂದ ಆರಂಭ ಮಾತ್ರ ತುಸು ನಿಧಾನವಾಗುತ್ತದೆ. ಇದು ಸರಿಯಾದ ನಿರ್ಧಾರವೆಂದೇ ನನ್ನ ದೃಢ ಅಭಿಪ್ರಾಯ, ಏಕೆಂದರೆ ಕ್ಯಾಶ್ ಕಳೆದುಹೋದರೂ ಮೂಲ ಕಡತದಿಂದ ಮತ್ತೆ ಪಡೆಯಬಹುದು. ಅರೆಬರೆ ಕ್ಯಾಶ್ ಕಡತ ಉಳಿಯದಿರಲೆಂದು ಪೈಥಾನ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಆಮೇಲೆ ಹೆಸರು ಬದಲಿಸುತ್ತದೆ. ದೋಷ ಕಣ್ಣಿಗೆ ಬೀಳಬೇಕಿದ್ದರೆ ಮೈನಸ್ ವಿ (-v) ಆಯ್ಕೆಯೊಂದಿಗೆ ನಡೆಸಿ. ಕ್ಯಾಶ್ ಬೇರೆಡೆ ಉಳಿಯಬೇಕಿದ್ದರೆ, 3.8 ಅಥವಾ ನಂತರದ ಆವೃತ್ತಿಯಾದರೆ ಪೈಥಾನ್‌ಪೈಕ್ಯಾಶ್‌ಪ್ರಿಫಿಕ್ಸ್ (PYTHONPYCACHEPREFIX) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಬರೆಯಲು ಅನುಮತಿಯಿರುವ ಬೇರೊಂದು ಫೋಲ್ಡರನ್ನು ಸೂಚಿಸಿ.