ಫೈಬ್ರೊಮಯಾಲ್ಜಿಯಾ ಇರುವವರು ಶಸ್ತ್ರಚಿಕಿತ್ಸೆಗೆ ಹೇಗೆ ಸಿದ್ಧರಾಗಬೇಕು?

ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ನಿಗದಿಯಾಗಿದೆ, ಮೈಯೆಲ್ಲ ನೋವು, ದಣಿವು ಬಹುಕಾಲ ಕಾಡುವ ಫೈಬ್ರೊಮಯಾಲ್ಜಿಯಾವೂ ಇದೆ, ಏನು ಎಚ್ಚರ ವಹಿಸಬೇಕು ಎಂದು ಕೇಳಿದ್ದೀರಿ. ಮೊದಲು ಅರಿವಳಿಕೆ ತಜ್ಞರೊಂದಿಗೆ ಮಾತನಾಡಿ. ಶಸ್ತ್ರಚಿಕಿತ್ಸಕರಿಗೆ ಹೇಳಿದ್ದು ಅವರ ಕಿವಿಗೂ ಬಿದ್ದಿರುತ್ತದೆ ಎಂದು ನಂಬಿ ಕೂರಬೇಡಿ.

ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಈ ಕಾಯಿಲೆಗೆ ಕೊಡುವ ಪ್ರಿಗಾಬಲಿನ್, ಡುಲೊಕ್ಸೆಟಿನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ವಾಕರಿಕೆ, ನಿದ್ದೆಗೇಡು, ತಳಮಳ ಶುರುವಾಗಬಹುದು. ಡುಲೊಕ್ಸೆಟಿನ್ ನುಂಗುವವರಿಗೆ ಟ್ರಮಡಾಲ್ ಕೊಟ್ಟರೆ ದೇಹದಲ್ಲಿ ಸೆರೊಟೋನಿನ್ ಎಂಬ ನರಗಳ ರಾಸಾಯನಿಕ ಮಿತಿಮೀರುವ ಅಪಾಯವಿದೆ. ನಮ್ಮ ಆಸ್ಪತ್ರೆಗಳಲ್ಲಿ ನೋವಿಗೆ ಟ್ರಮಡಾಲ್ ಬಹಳ ಬಳಕೆಯಲ್ಲಿದೆ, ಹಾಗಾಗಿ ಹೆಸರು ಹಿಡಿದೇ ಕೇಳಿ. ಪ್ರಿಗಾಬಲಿನ್ ಜೊತೆ ಒಪಿಯಾಯ್ಡ್ (ಟ್ರಮಡಾಲ್, ಮಾರ್ಫಿನ್‌ನಂಥ ಬಲವಾದ ನೋವುನಿವಾರಕ) ಸೇರಿದರೆ ಉಸಿರಾಟ ಮಂದವಾಗಬಹುದು. ಇದೂ ಅರಿವಳಿಕೆ ತಜ್ಞರಿಗೆ ತಿಳಿದಿರಲಿ.

ಹೆಚ್ಚಿನವರು ಮರೆಯುವುದು ಮೇಜಿನ ಮೇಲೆ ಮಲಗಿಸುವ ಭಂಗಿಯನ್ನು. ಕುತ್ತಿಗೆ ಎತ್ತ ತಿರುಗಿಸಿದರೆ ನೋಯುತ್ತದೆ, ತೋಳು ಎಷ್ಟು ಚಾಚಲಾಗುತ್ತದೆ ಎಂದು ಅಮ್ಮ ಎಚ್ಚರವಿರುವಾಗಲೇ ತೋರಿಸಲಿ. ಮಂಡಿಯಡಿಗೆ ಒಂದು ದಿಂಬು ಕೇಳಲು ಸಂಕೋಚ ಬೇಡ.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ತುಂಬುವ ಅನಿಲದಿಂದ ಒಂದೆರಡು ದಿನ ಭುಜ ನೋಯುವುದು ಯಾರಿಗಾದರೂ ಸಾಮಾನ್ಯ. ಹಳೆಯ ಕಾಯಿಲೆಯೇ ಕೆರಳಿತೆಂದು ಅಮ್ಮ ಗಾಬರಿಯಾಗದಂತೆ ಮೊದಲೇ ಹೇಳಿಡಿ.