ಕೆಮ್ಮಿದರೆ ಘಾಟು ಎನ್ನುವ ಊರಿನಿಂದ

ಸರಕಾರಿ ಆಸ್ಪತ್ರೆಯಲ್ಲಿ ಕ್ಷಯ ಪತ್ತೆಹಚ್ಚುವ ಕಫ ಪರೀಕ್ಷೆ ಪುಕ್ಕಟೆ ಇರುವಾಗ ನಿಮ್ಮ ಕಡೆಯ ಜನ ತಿಂಗಳುಗಟ್ಟಲೆ ಕೆಮ್ಮುತ್ತ ಏಕೆ ಕೂಡುತ್ತಾರೆ ಎಂದು ಕೇಳಿದ್ದೀರಿ. ಒಮ್ಮೆ ಸುಗ್ಗಿಯಲ್ಲಿ, ಜನವರಿ ದಾಟಿದ ಮೇಲೆ, ಬ್ಯಾಡಗಿಗೆ ಬನ್ನಿ. ಊರು ಕಣ್ಣಿಗೆ ಬೀಳುವ ಮೊದಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ. ನಮ್ಮ ಹಾವೇರಿ ಜಿಲ್ಲೆ ನಕಾಶೆಯಲ್ಲಿ ರಾಜ್ಯದ ಗಡಿಗೆ ತಾಗಿಲ್ಲ. ಆದರೆ ಸೋಮವಾರ, ಗುರುವಾರದ ವ್ಯಾಪಾರಕ್ಕೆ ಬಳ್ಳಾರಿ, ರಾಯಚೂರು, ಆಂಧ್ರದ ಲಾರಿಗಳು ಬಂದು ನಿಂತಾಗ ಮಾರುಕಟ್ಟೆಯೇ ಒಂದು ಗಡಿ. ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುತ್ತದೆ. ಅಲ್ಲಿ ಕೆಮ್ಮದವರೇ ಇಲ್ಲ. ಹಮಾಲರು ಕೆಮ್ಮುತ್ತಾರೆ, ತೊಟ್ಟು ಬಿಡಿಸುವ ಹೆಂಗಸರು ಕೆಮ್ಮುತ್ತಾರೆ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನಾನೂ ಕೆಮ್ಮುತ್ತೇನೆ. ‘ಘಾಟು’ ಎಂದರೆ ಮಾತು ಮುಗಿಯಿತು.

ನಮ್ಮ ಕಾಕಾ ಅಲ್ಲಿಯೇ ಚೀಲ ಹೊತ್ತವರು. ಆವಕ ಇಳಿದ ಮೇಲೂ ಅವರ ಕೆಮ್ಮು ಇಳಿಯಲಿಲ್ಲ. ಸಂಜೆಯಾದರೆ ಮೈ ಬಿಸಿ, ಮೈಮೇಲಿನ ಅಂಗಿ ದಿನದಿನಕ್ಕೆ ಸಡಿಲ. ಖಾಸಗಿ ವೈದ್ಯರೊಬ್ಬರು ಎರಡು ಸಲ ಕೆಮ್ಮಿನ ಔಷಧ ಬರೆದುಕೊಟ್ಟರೇ ಹೊರತು ಕಫದ ಮಾತೆತ್ತಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಬೇಕೆಂಬುದು ದೇಶಕ್ಕೆಲ್ಲ ಒಂದೇ ನಿಯಮ. “ದೊಡ್ಡಾಸ್ಪತ್ರೆಗೆ ಹೋಗೋಣ ನಡೆಯಿರಿ ಕಾಕಾ” ಎಂದರೆ, “ಒಂದು ದಿನ ತಪ್ಪಿದರೆ ತಂಡದಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನಪ್ಪ” ಎನ್ನುತ್ತಿದ್ದರು. ಚೀಲ ಎಣಿಸಿ ಕೂಲಿ ಕೊಡುವ ಕಡೆ ಆಸ್ಪತ್ರೆಯ ದೂರವನ್ನು ಅಳೆಯುವುದು ಹೀಗೆ.

ಕೊನೆಗೆ ಆಶಾ ಕಾರ್ಯಕರ್ತೆ ಮನೆಗೇ ಕಫದ ಡಬ್ಬಿ ತಂದರು. “ಬರೀ ಉಗುಳು ಬೇಡ ಕಾಕಾ, ಎದೆಯ ಆಳದಿಂದ ಬರಬೇಕು. ನಸುಕಿನಲ್ಲಿ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು” ಎಂದು ಎರಡು ಸಲ ತಿಳಿಸಿ ಹೇಳಿ, ಮರುದಿನ ತಾವೇ ಬಂದು ಒಯ್ದರು. ಕಾಕಾ ಒಂದು ಚೀಲದ ಕೂಲಿಯನ್ನೂ ಕಳೆದುಕೊಳ್ಳಲಿಲ್ಲ. ಕಫವನ್ನು ಪರೀಕ್ಷಿಸಿದ್ದು ಟ್ರೂನ್ಯಾಟ್ ಯಂತ್ರದಲ್ಲಿ. ಗೋವಾದ ಕಂಪನಿಯೊಂದರ ಈ ಯಂತ್ರ ಬ್ಯಾಟರಿಯ ಮೇಲೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನು ಒಪ್ಪಿತು. ಕ್ಷಯ ಇದೆಯೋ ಇಲ್ಲವೋ ಎಂಬುದು ಸುಮಾರು ಒಂದು ಗಂಟೆಯಲ್ಲಿ ತಿಳಿಯುತ್ತದೆ, ರಿಫಾಂಪಿಸಿನ್ ಎಂಬ ಕ್ಷಯದ ಮುಖ್ಯ ಗುಳಿಗೆಗೆ ರೋಗ ಬಗ್ಗುತ್ತದೆಯೋ ಎಂಬುದಕ್ಕೆ ಇನ್ನೊಂದು ಗಂಟೆ. ಕಾಕಾಗೆ ಕ್ಷಯವೇ ಆಗಿತ್ತು. ಆರು ತಿಂಗಳ ಗುಳಿಗೆ ಪುಕ್ಕಟೆ ಸಿಕ್ಕಿತು, ಗುಣವಾದರು. ಆಹಾರಕ್ಕೆಂದು ಸರಕಾರ ರೋಗಿಗೆ ಕೊಡುವ ಹಣವೂ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಆದರೆ ಘಾಟು ಘಾಟು ಎನ್ನುತ್ತ ಕಳೆದ ಆ ತಿಂಗಳುಗಳಲ್ಲಿ ಮೊಮ್ಮಗಳು ಅವರ ಮಗ್ಗುಲಲ್ಲೇ ಮಲಗಿದ್ದಳು. ಅವಳಿಗೆ ತಗಲಿಲ್ಲ ಎಂದು ತಿಳಿಯುವವರೆಗೆ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ರೊಟ್ಟಿ ಇಳಿಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಡಬ್ಬಿ ಮಾರುಕಟ್ಟೆಗೇ ಬರಲಿ. ಹನ್ನೊಂದು ಗಂಟೆಗೆ ಶಾಲೆಯ ಅಂಗಳದಲ್ಲಿ ಶಿಬಿರವಿಟ್ಟರೆ ದುಡಿಯುವವರು ಯಾರೂ ಸಿಗುವುದಿಲ್ಲ. ಹಮಾಲರು ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ, ಅವರು ಕೂಡುವ ನೆರಳಿಗೇ ಬರಬೇಕು.

ಎಚ್‌ಐವಿಯ ಸಂಗತಿ ಇದಕ್ಕೆ ತಿರುವುಮುರುವು. ಆ ಜಡ್ಡಿನ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿಯವನು ಪರೀಕ್ಷೆಗೆಂದು ಹುಬ್ಬಳ್ಳಿಗೋ ದಾವಣಗೆರೆಗೋ ಬಸ್ ಹತ್ತುತ್ತಾನೆ, ಗುರುತಿನವರು ಕಾಣಬಾರದೆಂದು. ಅವನಿಗೆ ಹತ್ತಿರವೇ ಕಷ್ಟ, ದೂರವೇ ಆಸರೆ. ಮಾರುಕಟ್ಟೆಯಲ್ಲಿ ನಾಲ್ವರೆದುರು ಅವನ ಬೆರಳು ಚುಚ್ಚಿದರೆ ಮತ್ತೆ ಈ ಕಡೆ ಸುಳಿಯಲಾರ. ಒಪ್ಪಿಗೆ ಕೇಳದೆ ಪರೀಕ್ಷಿಸಬಾರದು, ಫಲಿತಾಂಶದ ಗುಟ್ಟು ಬಿಡಬಾರದು ಎಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ. ತಾನೇ ಮಾಡಿಕೊಳ್ಳುವ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಶಿಫಾರಸು ಮಾಡಿದೆ. ರಾತ್ರಿ ಲಾರಿಯ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು ನೋಡಿಕೊಳ್ಳುವಂತಿದ್ದರೆ ಎಷ್ಟೋ ಚಾಲಕರು ನೋಡಿಕೊಂಡಾರು. ಸೋಂಕಿನ ಗುರುತು ಕಂಡರೆ ಅದೇ ಕೊನೆಯಲ್ಲ, ಸರಕಾರಿ ಕೇಂದ್ರದಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಆ ಗಳಿಗೆಯಲ್ಲಿ ಅವನ ಜೊತೆ ಮಾತನಾಡಲು ಒಬ್ಬರು ಬೇಕು. ಸರಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹೆಸರು ಹೇಳದೆಯೂ ಮಾತನಾಡಬಹುದು. ನಮ್ಮ ಅಂಗಡಿಗೆ ಬರುವ ಚಾಲಕರಿಗೆ ಬಾಡಿಗೆ ಚೀಟಿ ಬರೆದುಕೊಡುವಾಗ ಅದರ ಬೆನ್ನಿಗೆ ನಾನು ಆ ನಾಲ್ಕು ಅಂಕಿಗಳನ್ನು ಬರೆದಿರುತ್ತೇನೆ. ಯಾರೂ ಏನೆಂದು ಕೇಳುವುದಿಲ್ಲ, ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ.