ಆಂಟಿಬಯೋಟಿಕ್ ಕಡಿಮೆ ಮಾಡಬೇಕಾದರೆ ಮೊದಲು ಯೂರಿನ್ ಕಲ್ಚರ್ ಕಡಿಮೆ ಮಾಡಿ

ವೃದ್ಧರ ಆರೈಕೆ ಕೇಂದ್ರಕ್ಕೆ ವೈದ್ಯರಾಗಿ ಹೊಸದಾಗಿ ಸೇರಿದ್ದೀರಿ, ಅನಗತ್ಯ ಆಂಟಿಬಯೋಟಿಕ್ ತಗ್ಗಿಸಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಯೂರಿನ್ ಕಲ್ಚರ್‌ನಿಂದ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಿಂದ, ಶುರು ಮಾಡಿ. ಬೇಡದ ಆಂಟಿಬಯೋಟಿಕ್ ಕೋರ್ಸ್‌ಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಅಲ್ಲಿ.

ಇಂಥ ಕೇಂದ್ರಗಳಲ್ಲಿರುವ ಹೆಂಗಸರಲ್ಲಿ 25ರಿಂದ 50%, ಗಂಡಸರಲ್ಲಿ 15ರಿಂದ 40% ಜನರ ಮೂತ್ರದಲ್ಲಿ ಯಾವ ತೊಂದರೆಯೂ ಕೊಡದೆ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ತಿಂಗಳುಗಟ್ಟಲೆ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ಕೊಳವೆ) ಹಾಕಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ. ಪಸ್ ಸೆಲ್ (ಕೀವಿನ ಕೋಶ) ಕೂಡ ಜೊತೆಗೇ ಕಾಣುತ್ತದೆ. ಹಾಗಾಗಿ ಲಕ್ಷಣಗಳಿಲ್ಲದವರ ಸ್ಯಾಂಪಲ್ ಕಳಿಸಿದರೆ ರಿಪೋರ್ಟ್ ಪಾಸಿಟಿವ್ ಬರುವುದರಲ್ಲಿ ಆಶ್ಚರ್ಯವಿಲ್ಲ. ಒಮ್ಮೆ ಬಂದಮೇಲೆ ಅದನ್ನು ನೋಡಿ ಸುಮ್ಮನಿರುವುದು ಯಾರಿಗೂ ಸುಲಭವಲ್ಲ.

ಟೆಸ್ಟಿಗೆ ಕಳಿಸುವ ನಿರ್ಧಾರ ಆಗುವುದು ನರ್ಸ್ ಕರೆ ಮಾಡಿದಾಗ, ಫೋನಿನಲ್ಲಿ. "ಅಜ್ಜಿ ಇವತ್ತು ಒಂಥರಾ ಮಂಕಾಗಿದ್ದಾರೆ ಡಾಕ್ಟ್ರೇ, ಯೂರಿನ್ ವಾಸನೆ ಬರ್ತಿದೆ, ಟೆಸ್ಟಿಗೆ ಕಳಿಸ್ಲಾ?" ಆಗ ನೀವು ಕೇಳಬೇಕಾದ್ದು: ಮೂತ್ರ ಮಾಡುವಾಗ ಹೊಸದಾಗಿ ಉರಿ ಇದೆಯೇ? ಇಲ್ಲವಾದರೆ, ಜ್ವರ 37.9 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಅಥವಾ ಅವರ ಮಾಮೂಲಿಗಿಂತ 1.5 ಡಿಗ್ರಿ ಏರಿದೆಯೇ? ಜ್ವರದ ಜೊತೆಗೆ ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು, ಪಕ್ಕೆಯ ಹಿಂದೆ ನೋವು, ಮೂತ್ರದಲ್ಲಿ ರಕ್ತ, ಹೊಸದಾಗಿ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಾದರೂ ಇದೆಯೇ? ಇವು ಆಂಟಿಬಯೋಟಿಕ್ ಶುರು ಮಾಡಲು ಕನಿಷ್ಠ ಏನಿರಬೇಕೆಂದು ಹೇಳುವ 2001ರ ಲೋಬ್ ಮಾನದಂಡಗಳು, ಕ್ಯಾತಿಟರ್ ಇಲ್ಲದವರಿಗೆ. ವಾಸನೆ, ಬಣ್ಣ ಈ ಪಟ್ಟಿಯಲ್ಲೇ ಇಲ್ಲ. ನರ್ಸ್‌ಗಳು ಕರೆ ಮಾಡುವ ಮುಂಚೆಯೇ ತುಂಬುವಂತೆ ಇದನ್ನೊಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಫೋನಿನ ಪಕ್ಕ ಇಡಿಸಿ.

"ಟೆಸ್ಟ್ ಬೇಡ" ಎಂದಷ್ಟೇ ಹೇಳಿ ಫೋನ್ ಇಟ್ಟರೆ ಮಾತ್ರ ಕೆಡುತ್ತದೆ. ಮಂಕುತನಕ್ಕೆ ಕಾರಣ ಇದ್ದೇ ಇರುತ್ತದೆ: ನೀರು ಸಾಲದಿರುವುದು, ಮಲಬದ್ಧತೆ, ಮೂತ್ರ ಕಟ್ಟಿರುವುದು, ಹೊಸ ನಿದ್ರೆ ಮಾತ್ರೆ, ನೋವು. ಇವನ್ನು ಹುಡುಕಲು ಹೇಳಿ. ಮುಂದಿನ 24ರಿಂದ 48 ಗಂಟೆ ಪ್ರತಿ ಪಾಳಿಯಲ್ಲೂ ಜ್ವರ, ನಾಡಿ, ಬಿಪಿ, ಉಸಿರಾಟ ಬರೆಸಿ. ಬಿಪಿ ಇಳಿದರೆ, ಉಸಿರು ವೇಗವಾದರೆ ಕಾಯುವ ಮಾತೇ ಇಲ್ಲ. ಇದನ್ನು ಮನೆಯವರಿಗೂ ಅಂದೇ ತಿಳಿಸಿ. ಔಷಧಿ ಕೊಡದಿದ್ದರೆ ನಿರ್ಲಕ್ಷ್ಯ ಮಾಡುತ್ತಿದ್ದಾರೆ ಎಂದುಕೊಳ್ಳುವುದು ಸಹಜ.

ಕ್ಯಾತಿಟರ್ ಹಾಕಿ ಎರಡು ವಾರ ದಾಟಿದ್ದರೆ, ಅದನ್ನು ಬದಲಿಸಿ ಹೊಸದರಿಂದಲೇ ಸ್ಯಾಂಪಲ್ ತೆಗೆಸಿ. ಚೀಲದಿಂದ ಬಗ್ಗಿಸಿದ ಮೂತ್ರ ಬೇಡವೇ ಬೇಡ.

ಔಷಧಿ ಬರೆದಾಗ ಕಾರಣವನ್ನೂ ನಿಲ್ಲಿಸುವ ದಿನವನ್ನೂ ಆರ್ಡರಿನಲ್ಲೇ ಬರೆಯಿರಿ. 48ರಿಂದ 72 ಗಂಟೆಗೆ ಮತ್ತೆ ನೋಡಿ. ಸಾದಾ ಮೂತ್ರಕೋಶದ ಸೋಂಕಿಗೆ ಹೆಂಗಸರಲ್ಲಿ ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯೋಟಿಕ್ 5 ದಿನ ಸಾಕು, ಆದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬ ಅಳತೆ) ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇದ್ದರೆ ಬೇಡ. ಇನ್ನೊಂದು ಆಂಟಿಬಯೋಟಿಕ್ ಸಿಪ್ರೊಫ್ಲಾಕ್ಸಾಸಿನ್ ರೂಢಿಯಿಂದ ಬರೆಯುವುದನ್ನು ಬಿಡಿಸಲೇಬೇಕು: ಸ್ನಾಯುರಜ್ಜು ಹರಿಯಬಹುದು, ಗೊಂದಲ ಹೆಚ್ಚಬಹುದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಸಕ್ಕರೆ ದಿಢೀರನೆ ಇಳಿಯಬಹುದು. ಆಂಟಿಬಯೋಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಬೆಳೆಯುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಭೇದಿ ಒಬ್ಬರಿಗೆ ಬಂದರೆ ಪಕ್ಕದ ಹಾಸಿಗೆಯವರಿಗೂ ಅಪಾಯ.

ಪ್ರತಿ ತಿಂಗಳು ಎರಡೇ ಲೆಕ್ಕ ಇಡಿ: ಎಷ್ಟು ಯೂರಿನ್ ಕಲ್ಚರ್ ಹೋದವು, ಎಷ್ಟು ಹೊಸ ಕೋರ್ಸ್ ಶುರುವಾದವು, ಎರಡೂ 1000 ನಿವಾಸಿ-ದಿನಗಳಿಗೆ (ಒಬ್ಬರು ಒಂದು ದಿನ ಇದ್ದರೆ ಒಂದು) ಇಷ್ಟು ಎಂದು. ಅದನ್ನು ನರ್ಸ್‌ಗಳಿಗೂ ರಾತ್ರಿ ಕರೆಗೆ ಉತ್ತರಿಸುವ ಇತರ ವೈದ್ಯರಿಗೂ ತೋರಿಸಿ.